ಜಿಂಕೆ ಯಾರದು?

ಉರ್ದುವಿನಲ್ಲಿ ಜಿಂಕೆಗೆ ಹಿರನ್ ಎಂಬ ಮನೆಮಾತಿನ ಹೆಸರಿದೆ, ಗಝಾಲ್ ಎಂಬ ಕಾವ್ಯದ ಹೆಸರೂ ಇದೆ. ಪ್ರಿಯತಮೆಯ ಕಣ್ಣನ್ನು ಅದರ ಕಣ್ಣಿಗೆ ಹೋಲಿಸಿ ಕವಿಗಳು ದಣಿದಿಲ್ಲ. ಅದೇ ಜಿಂಕೆ ಹಸಿದವನ ಕಣ್ಣಿಗೆ ಮಾಂಸ, ಅರಸನ ಕಣ್ಣಿಗೆ ಆಸ್ತಿ, ರೈತನ ಕಣ್ಣಿಗೆ ಬೆಳೆ ಮೇಯುವ ಕಾಟ. ನಮ್ಮ ದೇಶದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಅದನ್ನು ಬೇಟೆಯಾಡುವುದು ಅಪರಾಧ. ಹೀಗಿರುವಾಗ, ಅಮೆರಿಕದಲ್ಲಿ ಪ್ರತಿ ವರ್ಷ ಎಲೆ ಉದುರುವ ಕಾಲಕ್ಕೆ ಲಕ್ಷಾಂತರ ಜನ ಸರ್ಕಾರದ ಪರವಾನಗಿ ಪಡೆದು ಬಿಲ್ಲು ಬಾಣ ಹಿಡಿಯುತ್ತಾರೆ, ಅವರಲ್ಲಿ ಅನೇಕರು ತಮ್ಮದೇ ಇಪ್ಪತ್ತು ಮೂವತ್ತು ಎಕರೆ ಜಮೀನಿನಲ್ಲಿ ಜಿಂಕೆಗೆ ಹೊಂಚು ಕೂರುತ್ತಾರೆ ಎಂದರೆ ನಮಗೆ ವಿಚಿತ್ರವೆನಿಸುತ್ತದೆ. ಬಂದೂಕು ಅಗ್ಗವಾಗಿ ಸಿಗುವ ನಾಡಿನಲ್ಲಿ ಬಿಲ್ಲು ಏಕೆ? ಜಮೀನು ತನ್ನದಾದರೆ ಅಲ್ಲಿಗೆ ಬಂದ ಜಿಂಕೆಯೂ ತನ್ನದೇ? ಈ ಪ್ರಶ್ನೆಗಳ ಹಿಂದೆ ಒಂದು ದೀರ್ಘ ಚರಿತ್ರೆ ಇದೆ.

ಚರಿತ್ರೆ ಶುರುವಾಗುವುದು ಇಂಗ್ಲೆಂಡಿನಲ್ಲಿ. 1066ರಲ್ಲಿ ಆ ದೇಶವನ್ನು ಗೆದ್ದ ವಿಲಿಯಂ ಕಾಡುಗಳನ್ನೂ ಗೆದ್ದ. ಅರಣ್ಯವೆಂದು ಘೋಷಿಸಿದ ಸೀಮೆಯೊಳಗೆ ರೈತನ ಹೊಲವಿದ್ದರೂ ಅಲ್ಲಿ ಮೇಯುವ ಜಿಂಕೆ ಅರಸನದು. ಬೆಳೆ ಹಾಳಾದರೂ ಬಾಣ ಹೂಡುವಂತಿಲ್ಲ. 1217ರ ಅರಣ್ಯ ಸನ್ನದು, ಜಿಂಕೆಯ ಕಾರಣಕ್ಕೆ ಇನ್ನು ಮುಂದೆ ಯಾರೂ ಪ್ರಾಣವನ್ನಾಗಲಿ ಅಂಗವನ್ನಾಗಲಿ ಕಳೆದುಕೊಳ್ಳಬಾರದು ಎಂದು ಹೇಳಿತು. ಹಾಗೆ ಹೇಳಬೇಕಾಗಿ ಬಂತೆಂದರೆ ಅದಕ್ಕೆ ಮೊದಲು ಏನು ನಡೆಯುತ್ತಿತ್ತೆಂದು ನಾವು ಊಹಿಸಿಕೊಳ್ಳಬಹುದು. ಐದು ಶತಮಾನ ಕಳೆದ ಮೇಲೆ, 1723ರಲ್ಲಿ, ಅದೇ ದೇಶದ ಸಂಸತ್ತು ಮುಖಕ್ಕೆ ಮಸಿ ಬಳಿದುಕೊಂಡು ಜಿಂಕೆ ಬೇಟೆಯಾಡುವವರಿಗೆ ಗಲ್ಲು ಎಂದು ಕಾನೂನು ಮಾಡಿತು. ಸನ್ನದು ಕೊಟ್ಟ ಪ್ರಾಣವನ್ನು ಸಂಸತ್ತು ಹಿಂದಕ್ಕೆ ಪಡೆಯಿತು.

ಈ ಕಾನೂನುಗಳ ನೆನಪನ್ನು ಹೊತ್ತು ಹಡಗು ಹತ್ತಿದವರು ಅಮೆರಿಕದಲ್ಲಿ ಬೇರೆಯೇ ನಿಯಮ ಬರೆದುಕೊಂಡರು. 1776ರ ಪೆನ್ಸಿಲ್ವೇನಿಯಾ ಸಂವಿಧಾನ, ಜನರಿಗೆ ತಮ್ಮ ಜಮೀನಿನಲ್ಲಿಯೂ ಬೇಲಿ ಹಾಕದ ಇತರ ಜಮೀನುಗಳಲ್ಲಿಯೂ ತಕ್ಕ ಕಾಲದಲ್ಲಿ ಬೇಟೆಯಾಡುವ ಸ್ವಾತಂತ್ರ್ಯ ನೀಡಿತು. 1896ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು, ಕಾಡುಪ್ರಾಣಿಗಳು ಜನರೆಲ್ಲರ ಸೊತ್ತು, ಜನರ ಪರವಾಗಿ ರಾಜ್ಯ ಅವುಗಳ ಒಡೆಯ ಎಂದಿತು. ಒಡೆತನದ ಆ ಮಾತನ್ನು 1979ರಲ್ಲಿ ಕೋರ್ಟು ಕೈಬಿಟ್ಟರೂ ಪ್ರಾಣಿಗಳನ್ನು ಕಾಯುವ, ಬೇಟೆಗೆ ಮಿತಿ ಹಾಕುವ ರಾಜ್ಯದ ಅಧಿಕಾರ ಉಳಿಯಿತು. ಇಂದಿಗೂ ಜಮೀನಿನ ಒಡೆಯ ತನ್ನ ಬೇಲಿಯೊಳಗೆ ಯಾರು ಬರಬೇಕೆಂದು ತೀರ್ಮಾನಿಸಬಹುದು, ಒಳಗೆ ಬಂದ ಜಿಂಕೆಯನ್ನು ಮಾತ್ರ ತನ್ನದೆನ್ನಲಾರ. ಬೇಟೆಯ ಕಾಲ ಯಾವುದು, ಎಷ್ಟು ಜಿಂಕೆ ಎಂಬುದನ್ನು ನಿಶ್ಚಯಿಸುವುದು ರಾಜ್ಯ.

ಕೇಳಲು ನ್ಯಾಯವಾಗಿಯೇ ಇದೆ. ಆದರೆ ಜನರೆಲ್ಲರ ಸೊತ್ತು ಎಂದಾಗ ಆ 'ಜನ' ಯಾರು? ಈ ಪ್ರಶ್ನೆ ಕೇಳಿದೊಡನೆ ನಮ್ಮ ಕಣ್ಣ ಮುಂದೆ ಬರುವವನು ಇಶಿ.

1911ರ ಆಗಸ್ಟ್ 29ರಂದು ಕ್ಯಾಲಿಫೋರ್ನಿಯಾದ ಓರೊವಿಲ್ ಪಟ್ಟಣದ ಬಳಿ, ಒಂದು ಕಸಾಯಿಖಾನೆಯ ಅಂಗಳದಲ್ಲಿ, ಹಸಿದು ಕಂಗಾಲಾಗಿದ್ದ ನಡುವಯಸ್ಸಿನ ವ್ಯಕ್ತಿಯೊಬ್ಬ ಸಿಕ್ಕಿಬಿದ್ದ. ಅವನ ಮಾತು ಯಾರಿಗೂ ತಿಳಿಯಲಿಲ್ಲ. ಅವನು ಯಾಹಿ ಬುಡಕಟ್ಟಿನವನು. ಚಿನ್ನದ ಆಸೆಗೆ 1849ರಿಂದ ನುಗ್ಗಿ ಬಂದ ಬಿಳಿಯರು ಯಾಹಿಗಳನ್ನು ಅಟ್ಟಾಡಿಸಿ ಕೊಂದಿದ್ದರು. ಉಳಿದ ಕೆಲವರು ಡೀರ್ ಕ್ರೀಕ್, ಅಂದರೆ ಜಿಂಕೆ ಹೊಳೆ ಎಂಬ ಹೆಸರಿನ ಕಣಿವೆಯಲ್ಲಿ ದಶಕಗಳ ಕಾಲ ಅಡಗಿ ಬದುಕಿದರು. 1908ರಲ್ಲಿ ಮೋಜಣಿಗೆ ಬಂದ ತಂಡವೊಂದು ಆ ಅಡಗುತಾಣವನ್ನು ಕಂಡು, ಅಲ್ಲಿದ್ದ ಬಿಲ್ಲು ಬಾಣ, ಹೊದಿಕೆಗಳನ್ನು ನೆನಪಿನ ವಸ್ತುಗಳೆಂದು ಎತ್ತಿಕೊಂಡು ಹೋಯಿತು. ಬೇಟೆಗಾರನ ಬಿಲ್ಲು ಹೋದರೆ ಅನ್ನವೂ ಹೋದಂತೆ. ಕೊನೆಗೆ ಉಳಿದವನು ಇವನೊಬ್ಬನೇ. ತನ್ನ ಹೆಸರನ್ನು ತಾನೇ ಹೇಳುವುದು ಅವರಲ್ಲಿ ರೂಢಿಯಲ್ಲ. ಹೆಸರು ಹೇಳಲು ಅವನ ಕಡೆಯವರು ಯಾರೂ ಬದುಕಿರಲಿಲ್ಲ. ಅವನ ಭಾಷೆಯಲ್ಲಿ ಮನುಷ್ಯ ಎಂಬ ಅರ್ಥ ಬರುವ 'ಇಶಿ' ಎಂಬುದನ್ನೇ ವಿದ್ವಾಂಸರು ಅವನ ಹೆಸರಾಗಿಸಿದರು.

ಸ್ಯಾನ್ ಫ್ರಾನ್ಸಿಸ್ಕೋದ ವಿಶ್ವವಿದ್ಯಾಲಯ ವಸ್ತುಸಂಗ್ರಹಾಲಯದಲ್ಲಿ ಇಶಿಗೆ ನೆಲೆ ಸಿಕ್ಕಿತು. ಅವನಿಗೆ ಚಿಕಿತ್ಸೆ ನೀಡಿದ ವೈದ್ಯ ಸ್ಯಾಕ್ಸ್‌ಟನ್ ಪೋಪ್ ಅವನ ಶಿಷ್ಯನಾದ. ಬಿಲ್ಲು ಮಾಡುವುದು, ಅದರ ಬೆನ್ನಿಗೆ ನರ ಅಂಟಿಸುವುದು, ಗಾಜಿನ ಚೂರಿನಿಂದ ಬಾಣದ ಮೊನೆ ಕೆತ್ತುವುದು, ಎಲ್ಲವನ್ನೂ ಇಶಿ ಹೇಳಿಕೊಟ್ಟ. 1914ರಲ್ಲಿ ಮಾನವಶಾಸ್ತ್ರಜ್ಞ ಆಲ್ಫ್ರೆಡ್ ಕ್ರೋಬರ್, ಪೋಪ್ ಮೊದಲಾದವರು ಅವನನ್ನು ಮತ್ತೆ ಡೀರ್ ಕ್ರೀಕಿಗೆ ಕರೆದೊಯ್ದರು. ಬೇಟೆಯ ಹಿಂದಿನ ದಿನ ಇಶಿ ಮೀನು ತಿನ್ನುತ್ತಿರಲಿಲ್ಲ, ಹೊಗೆಸೊಪ್ಪು ಮುಟ್ಟುತ್ತಿರಲಿಲ್ಲ. ಬೆಳಗಿನ ಜಾವ ಹೊಳೆಯಲ್ಲಿ ಮಿಂದು, ಸುವಾಸನೆಯ ಎಲೆಗಳಿಂದ ಮೈ ಉಜ್ಜಿಕೊಂಡು, ಬರಿಹೊಟ್ಟೆಯಲ್ಲಿ ಹೊರಡುತ್ತಿದ್ದ. ಜಿಂಕೆಗೆ ಕಣ್ಣಿಗಿಂತ ಮೂಗು ಚುರುಕು ಎಂಬುದು ಅವನ ಪಾಠ.

1916ರ ಮಾರ್ಚಿನಲ್ಲಿ ಇಶಿ ಕ್ಷಯದಿಂದ ತೀರಿಕೊಂಡ. ಅವನ ದೇಹವನ್ನು ಕೊಯ್ಯಬಾರದೆಂದು ದೂರದಲ್ಲಿದ್ದ ಕ್ರೋಬರ್ ಬರೆದ ಪತ್ರ ತಲುಪುವಷ್ಟರಲ್ಲಿ ಕೊಯ್ದಾಗಿತ್ತು. ಮೆದುಳನ್ನು ಸ್ಮಿತ್‌ಸೋನಿಯನ್ ಸಂಸ್ಥೆಗೆ ಕಳಿಸಲಾಯಿತು. ಅದು ಅವನ ನೆಂಟ ಬುಡಕಟ್ಟುಗಳ ಕೈಗೆ ಮರಳಿದ್ದು 2000ದಲ್ಲಿ.

ಪೋಪ್ 1923ರಲ್ಲಿ ಬಿಲ್ಲು ಬೇಟೆಯ ಬಗ್ಗೆ ಪುಸ್ತಕ ಬರೆದ. ಅದನ್ನು ಓದಿದವರು ತಾವೂ ಬಿಲ್ಲು ಕೆತ್ತತೊಡಗಿದರು. 1934ರಲ್ಲಿ ವಿಸ್ಕಾನ್ಸಿನ್ ರಾಜ್ಯ ತನ್ನ ಎರಡು ಜಿಲ್ಲೆಗಳಲ್ಲಿ ಬಿಲ್ಲಿಗೆಂದೇ ಪ್ರತ್ಯೇಕ ಬೇಟೆಯ ಕಾಲ ಗೊತ್ತುಮಾಡಿತು. ಅವುಗಳಲ್ಲೊಂದಾದ ಸಾಕ್ ಜಿಲ್ಲೆಯಲ್ಲಿ ಮರುವರ್ಷವೇ, ವಿಸ್ಕಾನ್ಸಿನ್ ನದಿಯ ದಂಡೆಯ ಎಂಬತ್ತು ಎಕರೆ ಬರಡು ಮರಳು ಭೂಮಿಯನ್ನು ಆಲ್ಡೊ ಲಿಯೊಪೋಲ್ಡ್ ಎಂಬ ಪ್ರೊಫೆಸರ್ ಕೊಂಡ. ಮನೆ ಸುಟ್ಟು ಹೋಗಿತ್ತು. ಉಳಿದಿದ್ದ ಕೋಳಿಗೂಡನ್ನೇ ಸರಿಪಡಿಸಿಕೊಂಡು ಸಂಸಾರ ಸಮೇತ ವಾರದ ಕೊನೆಗೆ ಬಂದಿರುತ್ತಿದ್ದ. ಬಿಲ್ಲನ್ನು ಕೈಯಾರೆ ಮಾಡಿಕೊಳ್ಳುತ್ತಿದ್ದ ಈತ ತನ್ನ ಜಮೀನಿನಲ್ಲಿ ಸಾವಿರಾರು ಗಿಡ ನೆಟ್ಟ. ಗಿಡ ನೆಟ್ಟವನಿಗೇ ಜಿಂಕೆ ಏನನ್ನು ಮೇಯುತ್ತದೆಂದು ಗೊತ್ತಾಗುವುದು. ಯುವಕನಾಗಿದ್ದಾಗ, ತೋಳ ಸತ್ತರೆ ಜಿಂಕೆ ಹೆಚ್ಚುತ್ತದೆ ಎಂಬ ಆಸೆಯಿಂದ ತೋಳಗಳನ್ನು ಗುಂಡಿಕ್ಕಿ ಕೊಂದವನು ಆತ. ತೋಳವಿಲ್ಲದ ಬೆಟ್ಟವನ್ನು ಜಿಂಕೆಗಳೇ ಬೋಳಿಸಿ ಕೊನೆಗೆ ತಾವೂ ಹಸಿವಿನಿಂದ ಸಾಯುತ್ತವೆ ಎಂದು 1944ರಲ್ಲಿ ಬರೆದ. 1948ರಲ್ಲಿ ನೆರೆಯ ಜಮೀನಿಗೆ ಬಿದ್ದ ಬೆಂಕಿಯನ್ನು ಆರಿಸಲು ಹೋಗಿ ಹೃದಯಾಘಾತದಿಂದ ಸತ್ತ.

ಸಣ್ಣ ಜಮೀನಿನ ಬೇಟೆಯಲ್ಲಿ ಬಾಣ ಬಿಡುವುದು ಕ್ಷಣದ ಕೆಲಸ, ನೋಡುವುದು ವರ್ಷದ ಕೆಲಸ. ಜಿಂಕೆ ಎಲ್ಲಿ ಮಲಗುತ್ತದೆ, ಎಲ್ಲಿ ಮೇಯುತ್ತದೆ, ನಡುವೆ ಯಾವ ಜಾಡು ಹಿಡಿಯುತ್ತದೆ ಎಂದು ತಿಳಿದಿರಬೇಕು. ಗಂಡು ಜಿಂಕೆ ಕೊಂಬು ಉಜ್ಜಿ ತೊಗಟೆ ಸುಲಿದ ಮರ, ಗೊರಸಿನಿಂದ ಕೆರೆದ ನೆಲ, ಓಕ್ ಮರದ ಕಾಯಿ ಉದುರುವ ತಾವು, ಎಲ್ಲವೂ ಓದಬೇಕಾದ ಅಕ್ಷರಗಳೇ. ಜಮೀನು ಚಿಕ್ಕದಾದಷ್ಟೂ ಓಡಾಟ ಕಡಿಮೆ ಇರಬೇಕು. ಎರಡು ಸಲ ಮನುಷ್ಯನ ವಾಸನೆ ಬಡಿದರೆ ಜಿಂಕೆ ಪಕ್ಕದವರ ಕಾಡು ಸೇರುತ್ತದೆ. ನಮ್ಮ ಮಲೆನಾಡಿನವರು ಮರಸು ಕೂರುವುದು ಎನ್ನುವಂತೆ, ಗಾಳಿಯ ದಿಕ್ಕು ನೋಡಿ ಮರದ ಮೇಲಿನ ಅಟ್ಟಣೆಯಲ್ಲಿ ಅಲುಗಾಡದೆ ಕೂರಬೇಕು. ಜಿಂಕೆ ಇಪ್ಪತ್ತು ಮೂವತ್ತು ಗಜದಷ್ಟು ಹತ್ತಿರ ಬರುವವರೆಗೆ ಬಾಣ ಬಿಡಬಾರದು. ಬಾಣ ತಾಗಿದ ಜಿಂಕೆ ಅಲ್ಲಿಯೇ ಬೀಳುವುದು ಅಪರೂಪ. ಓಡುತ್ತದೆ, ಬೇಲಿ ದಾಟುತ್ತದೆ. ಆಗ ಅನೇಕ ರಾಜ್ಯಗಳಲ್ಲಿ ನೆರೆಯವನ ಒಪ್ಪಿಗೆಯಿಲ್ಲದೆ ರಕ್ತದ ಜಾಡು ಹಿಡಿದು ಹೋಗುವಂತಿಲ್ಲ. ನೆರೆಹೊರೆ ಚೆನ್ನಾಗಿಲ್ಲದಿದ್ದರೆ ಒಂದು ಜೀವ ಯಾರಿಗೂ ಸಲ್ಲದೆ ಪೊದೆಯೊಳಗೆ ಕೊಳೆಯುತ್ತದೆ. ಬೇಲಿ ಎಂಬುದು ಮನುಷ್ಯರು ತಮ್ಮತಮ್ಮೊಳಗೆ ಮಾಡಿಕೊಂಡ ಒಪ್ಪಂದ, ಜಿಂಕೆ ಅದಕ್ಕೆ ಸಹಿ ಹಾಕಿಲ್ಲ.

1960ರ ದಶಕದಲ್ಲಿ ಗಾಲಿಗಳ ನೆರವಿನಿಂದ ಎಳೆಯುವ ಕಾಂಪೌಂಡ್ ಬಿಲ್ಲು ಬಂದ ಮೇಲೆ ಈ ಬೇಟೆ ಸಾಮಾನ್ಯರಿಗೂ ಒಗ್ಗಿತು. 1961ರಲ್ಲಿ ಪೋಪ್ ಮತ್ತು ಅವನ ಗೆಳೆಯ ಆರ್ಥರ್ ಯಂಗ್ ಇವರ ಹೆಸರಿನಲ್ಲಿ ಬೇಟೆಗಾರರ ಸಂಘವೊಂದು ಹುಟ್ಟಿತು. ದೊಡ್ಡ ಕೊಂಬುಗಳ ಲೆಕ್ಕವಿಡುವ ಆ ಸಂಘ ಅಸಾಧಾರಣ ಬೇಟೆಗೆ ಕೊಡುವ ಪ್ರಶಸ್ತಿಗೆ ಇಶಿಯ ಹೆಸರಿದೆ. ಇಶಿಯ ಜನ ಕೊಂಬು ಅಳೆದು ಬದುಕಿದವರಲ್ಲ, ಮಾಂಸ ಹಂಚಿಕೊಂಡು ಬದುಕಿದವರು.

ಜಿಂಕೆ ಕೊಲ್ಲುವುದು ಸರಿಯೋ ತಪ್ಪೋ ಎಂಬುದು ಬೇರೆ ಚರ್ಚೆ. ನಮ್ಮನ್ನು ಕಾಡುವುದು ಇಷ್ಟೇ: ಇಂಗ್ಲೆಂಡಿನ ಬಡವನಿಂದ ಜಿಂಕೆಯನ್ನು ಕಿತ್ತುಕೊಂಡ ಅರಸನ ಅನ್ಯಾಯವನ್ನು ಮರೆಯದೆ ಹೊಸ ನಾಡಿನಲ್ಲಿ ನ್ಯಾಯದ ಕಾನೂನು ಬರೆದವರು, ಆ ನಾಡಿನ ಮೂಲದವರ ಕೈಯಿಂದ ಹೊಳೆ, ಜಿಂಕೆ, ಬಿಲ್ಲು ಮೂರನ್ನೂ ಕಿತ್ತುಕೊಂಡರು. ಅವರಲ್ಲಿ ಕೊನೆಗೆ ಉಳಿದ ಒಬ್ಬ, ತನ್ನ ವಿದ್ಯೆಯನ್ನು ಮುಚ್ಚಿಡದೆ ಅವರಿಗೇ ಕಲಿಸಿ ಹೋದ. ಇಂದು ಅಲ್ಲಿ ತನ್ನ ಚಿಕ್ಕ ಜಮೀನಿನ ಅಟ್ಟಣೆಯ ಮೇಲೆ ಉಸಿರು ಬಿಗಿಹಿಡಿದು ಕೂತವನ ಜೇಬಿನಲ್ಲಿ ಪರವಾನಗಿ ಇದೆ, ಮನೆಯಲ್ಲಿ ಜಮೀನಿನ ಕಾಗದವಿದೆ. ಇಶಿಯ ಬಳಿ ಎರಡೂ ಇರಲಿಲ್ಲ.