ಎರೆಭೂಮಿಯ ಹಳಿ ಮತ್ತು ಅಗೆಯುವ ಯಂತ್ರ: ಸವಣೂರು ಸೀಮೆಯ ಒಂದು ಟಿಪ್ಪಣಿ

ಹಾವೇರಿ ಜಿಲ್ಲೆಯ ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಈ ನಾಲ್ಕರ ಪೈಕಿ ಇಂದಿಗೂ ರೈಲು ಓಡುವುದು ಸವಣೂರು ತಾಲ್ಲೂಕಿನಲ್ಲಿ ಮಾತ್ರ. ಹುಬ್ಬಳ್ಳಿಯಿಂದ ಹೊರಟ ಹಳಿ ಕುಂದಗೋಳ, ಗುಡಗೇರಿ ದಾಟಿ ಯಲವಿಗಿಯ ಹತ್ತಿರ ಈ ತಾಲ್ಲೂಕನ್ನು ಹೊಕ್ಕು, ಮುಂದೆ ಹಾವೇರಿ, ಬ್ಯಾಡಗಿ, ರಾಣೆಬೆನ್ನೂರಿನ ಮೇಲೆ ಹಾಯ್ದು ಹರಿಹರ ಸೇರುತ್ತದೆ. ಮಣ್ಣು ಅಗೆಯುವ ಯಂತ್ರಗಳು ಮಾತ್ರ ನಾಲ್ಕೂ ತಾಲ್ಲೂಕುಗಳಲ್ಲಿವೆ. ಕೃಷಿ ಹೊಂಡ, ಕೆರೆಯ ಹೂಳು, ಮನೆಯ ಪಾಯ, ಶಿಗ್ಗಾಂವಿ ಬದಿಯ ಹೆದ್ದಾರಿ ಕೆಲಸ, ಎಲ್ಲದಕ್ಕೂ ತಾಸಿನ ಬಾಡಿಗೆಗೆ ಜೆಸಿಬಿ, ಹಿಟಾಚಿ ಬರುತ್ತವೆ. ಟಾಟಾ ಹಿಟಾಚಿಯ ಒಂದು ಕಾರ್ಖಾನೆ ಧಾರವಾಡದಲ್ಲೇ ಇದೆ. ಇಂಥ ಯಂತ್ರದ ತೋಳಿನ ತುದಿಗೆ ಏನನ್ನು ಜೋಡಿಸಿದರೆ ಅದು ಹಳಿಯ ಕೆಲಸಕ್ಕೆ ಒದಗುತ್ತದೆ, ಈ ನೆಲಕ್ಕೆ ಯಾವ ಜೋಡಣೆ ಮೊದಲು ಬೇಕು ಎಂಬುದು ಈ ಟಿಪ್ಪಣಿಯ ವಿಷಯ.

ಮೊದಲು ಹಳಿಯ ಭಾರವನ್ನು ಗಮನಿಸಬೇಕು. ಸದರ್ನ್ ಮರಾಠಾ ರೈಲ್ವೆ 1880ರ ದಶಕದಲ್ಲಿ ಇಲ್ಲಿ ಹಾಕಿದ್ದು ಒಂದು ಮೀಟರ್ ಅಗಲದ ಹಳಿ. 1990ರ ದಶಕದಲ್ಲಿ ಅದು 1676 ಮಿ.ಮೀ. ಅಗಲದ ಬ್ರಾಡ್‌ಗೇಜ್ ಆಯಿತು. ಇತ್ತೀಚಿನ ವರ್ಷಗಳಲ್ಲಿ ಜೋಡಿ ಹಳಿಯೂ ವಿದ್ಯುತ್ ತಂತಿಯೂ ಬಂದವು. ಈಗಿನ ಕಾಂಕ್ರೀಟ್ ಸ್ಲೀಪರ್ ಒಂದರ ತೂಕ ಸುಮಾರು 285 ಕೆ.ಜಿ. ಕಿಲೋಮೀಟರಿಗೆ 1660 ಸ್ಲೀಪರ್ ಎಂದರೆ ಸ್ಲೀಪರ್‌ಗಳದ್ದೇ ಸುಮಾರು 473 ಟನ್. ಮೀಟರಿಗೆ 60 ಕೆ.ಜಿ. ತೂಗುವ ಎರಡು ಹಳಿಗಳು ಅದಕ್ಕೆ 120 ಟನ್ ಸೇರಿಸುತ್ತವೆ. ಮರದ ಸ್ಲೀಪರನ್ನು ಹೆಗಲಿಗೇರಿಸಿ ಒಯ್ಯುತ್ತಿದ್ದ ಗ್ಯಾಂಗ್‌ಮನ್‌ಗಳ ಕೈಗೆ ಈ ತೂಕ ಕೊಡುವುದು ಅನ್ಯಾಯ. ಯಂತ್ರದ ಮಾತು ಇಲ್ಲಿ ಅನುಕೂಲಕ್ಕಿಂತ ಹೆಚ್ಚಾಗಿ ಮನುಷ್ಯರ ಬೆನ್ನೆಲುಬಿನ ಮಾತು.

ಉದ್ದನೆಯ ಮಾರ್ಗದ ಕೆಲಸಕ್ಕೆ ರೈಲ್ವೆಯ ಬಳಿ ಹಳಿಯ ಮೇಲೆಯೇ ಓಡುವ ದೊಡ್ಡ ಹಳದಿ ಯಂತ್ರಗಳಿವೆ. ಅವು ಹಳಿಯನ್ನು ಎತ್ತಿ ಹಿಡಿದು, ಸ್ಲೀಪರ್ ಅಡಿಗೆ ಖಡಿ ತುರುಕಿ, ಸಾಲು ನೇರ ಮಾಡಿ ಮುಂದೆ ಸಾಗುತ್ತವೆ. ಆದರೆ ಗೇಟಿನ ಹತ್ತಿರದ ಹತ್ತು ಸ್ಲೀಪರ್, ಸೇತುವೆಯ ಬಾಯಲ್ಲಿ ಕುಸಿದ ಒಂದು ತುಂಡು, ಹಳಿ ಕವಲೊಡೆಯುವಲ್ಲಿ ಒಡೆದ ಒಂದು ಸ್ಲೀಪರ್, ಇಂಥ ಚಿಲ್ಲರೆ ಕೆಲಸಕ್ಕೆ ಅವನ್ನು ದೂರದಿಂದ ತರಿಸುವುದು ಕಷ್ಟ. ಹೊರದೇಶಗಳಲ್ಲಿ ಈ ಜಾಗವನ್ನು ತುಂಬಿರುವುದು ರಸ್ತೆಯಲ್ಲೂ ಹಳಿಯಲ್ಲೂ ಓಡುವ ಎಕ್ಸ್‌ಕವೇಟರ್. ಯುರೋಪಿನ ಹಳಿಯ ಅಗಲ ಹೆಚ್ಚಾಗಿ 1435 ಮಿ.ಮೀ. ಹಾಗಾಗಿ ಅಲ್ಲಿನ ಯಂತ್ರದ ಹಳಿಗಾಲಿಗಳನ್ನು ಇಲ್ಲಿನ ಅಳತೆಗೆ ಬೇರೆಯಾಗಿಯೇ ಮಾಡಿಸಬೇಕು.

ಅಟ್ಯಾಚ್‌ಮೆಂಟ್‌ಗಳಲ್ಲಿ ಹೆಚ್ಚು ಹೆಸರು ಮಾಡಿದ್ದು ಟ್ಯಾಂಪಿಂಗ್ ತಲೆ. ಜೋಡಿ ಜೋಡಿಯಾದ ಉಕ್ಕಿನ ಹಲ್ಲುಗಳು ನಡುಗುತ್ತ ಸ್ಲೀಪರಿನ ಎರಡೂ ಮಗ್ಗುಲಿಗೆ ಖಡಿಯೊಳಗೆ ಇಳಿದು, ಅಡಿಯಲ್ಲಿ ಒಂದನ್ನೊಂದು ಸಮೀಪಿಸಿ ಖಡಿಯನ್ನು ಒತ್ತರಿಸುತ್ತವೆ. ಎರಡನೆಯದು ಸ್ಲೀಪರ್ ಹಿಡಿಯುವ ಕೊಂಡಿ. ಇದು ಹಿಡಿಯಲೂ ಬೇಕು, ಸುತ್ತಲೂ ಬೇಕು. ಹಾಗಾಗಿ ಬ್ರೇಕರಿಗೆ ಸಾಕಾಗುವ ಒಂದೇ ದಿಕ್ಕಿನ ಎಣ್ಣೆ ಪೈಪು ಇದಕ್ಕೆ ಸಾಲದು. ಕಲ್ಲು ಒಡೆಯುವ ಬ್ರೇಕರ್ ಹಾಕಿಸಿದ ಯಂತ್ರವನ್ನು ಹಾಗೆಯೇ ಹಳಿಯ ಕೆಲಸಕ್ಕೆ ಒಯ್ಯಬಹುದೆಂದು ಮಾಲೀಕರು ಭಾವಿಸುವುದು ಸಹಜ. ಲೆಕ್ಕ ಮೊದಲು ತಪ್ಪುವುದು ಅಲ್ಲಿಯೇ. ಮೂರನೆಯದು ಸ್ಲೀಪರ್‌ಗಳ ನಡುವೆ ಇಳಿಯುವ ಕಿರಿದಾದ ಬಕೆಟ್. ಸ್ಲೀಪರ್‌ಗಳು ಸುಮಾರು 60 ಸೆಂ.ಮೀ.ಗೆ ಒಂದರಂತೆ ಇರುತ್ತವೆ. ಸ್ಲೀಪರಿನ ಅಗಲ ಕಳೆದರೆ ನಡುವೆ ಉಳಿಯುವುದು ಸುಮಾರು 35 ಸೆಂ.ಮೀ. ಹೊಲದಲ್ಲಿ ಹೊಂಡ ತೋಡುವ ಬಕೆಟ್ ಅಲ್ಲಿ ಇಳಿಯಲಾರದು, ಒತ್ತಿ ಇಳಿಸಿದರೆ ಹಳಿಯ ಕ್ಲಿಪ್ಪು ಹಾರುತ್ತದೆ.

ಇನ್ನು ಮಣ್ಣಿನ ವಿಷಯ. ಇದನ್ನೇ ನಾನು ಮುಖ್ಯವೆಂದು ತಿಳಿದಿದ್ದೇನೆ. ಯಲವಿಗಿ ಕಡೆಯದು ಎರೆಭೂಮಿ. ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರುಕು ಬಿಡುವ ಈ ಮಣ್ಣು ಮಳೆಗೆ ನೀರು ಕುಡಿದು ಉಬ್ಬುತ್ತದೆ. ಪಕ್ಕದ ಮಣ್ಣನ್ನೇ ಅಗೆದು ಏರಿ ಕಟ್ಟುವುದು ಮೀಟರ್‌ಗೇಜ್ ಕಾಲದ ಪದ್ಧತಿ. ನೀರು ನಿಂತ ಏರಿಯ ಮೇಲೆ ರೈಲು ಹಾಯ್ದಾಗ ಪ್ರತಿ ಗಾಲಿಯ ಒತ್ತಡಕ್ಕೂ ರಾಡಿ ಮೇಲಕ್ಕೆ ಚಿಮ್ಮಿ ಖಡಿಯ ಸಂದುಗಳನ್ನು ತುಂಬುತ್ತದೆ. ಸಂದು ಕಟ್ಟಿದ ಖಡಿಯಿಂದ ನೀರು ಇಳಿಯುವುದಿಲ್ಲ, ನೀರು ಇಳಿಯದೆ ರಾಡಿ ಆರುವುದಿಲ್ಲ. ಇಂಥ ಕಡೆ ಎಷ್ಟು ಸಲ ಟ್ಯಾಂಪಿಂಗ್ ಮಾಡಿದರೂ ಹಳಿ ಮತ್ತೆ ಕುಳಿತುಕೊಳ್ಳುತ್ತದೆ. ರಾಡಿ ತುಂಬಿದ ಖಡಿಗೆ ಹಲ್ಲು ಇಳಿಸಿದರೆ ರಾಡಿ ಕಲಸಿದಂತಾಗುವುದೇ ಹೊರತು ಸ್ಲೀಪರಿಗೆ ಆಸರೆ ಸಿಗುವುದಿಲ್ಲ.

ಆದ್ದರಿಂದ ಈ ನೆಲದಲ್ಲಿ ಮೊದಲ ಸ್ಥಾನ ಸಲ್ಲಬೇಕಾದದ್ದು ಯಾರೂ ಹೆಚ್ಚು ಮಾತನಾಡದ, ಹಲ್ಲಿಲ್ಲದ ಅಗಲ ಬಕೆಟ್ಟಿಗೆ. ಏರಿಯ ಬದಿಯ ನೀರುಗಾಲುವೆಯನ್ನು ಸರಿಯಾದ ಇಳಿಜಾರಿನಲ್ಲಿ ಕೆರೆದು, ಹಳ್ಳದ ಮೋರಿಯವರೆಗೆ ನೀರಿಗೆ ದಾರಿ ಮಾಡುವುದು ಅದರ ಕೆಲಸ. ಬಕೆಟ್ಟಿಗೆ ಹಲ್ಲಿದ್ದರೆ ಕಾಲುವೆಯ ತಳದಲ್ಲಿ ಗೀರು ಬಿದ್ದು ನೀರು ನಿಲ್ಲುತ್ತದೆ, ಎರೆಯಲ್ಲಿ ನಿಂತ ನೀರು ಏರಿಯ ಬುಡಕ್ಕೇ ಇಳಿಯುತ್ತದೆ. ನಮ್ಮ ಆಪರೇಟರ್‌ಗಳು ಹಲ್ಲುಗಳ ಮೇಲೆ ಅಡ್ಡಲಾಗಿ ಕಬ್ಬಿಣದ ಪಟ್ಟಿ ವೆಲ್ಡ್ ಮಾಡಿಸಿ ನೆಲ ಸಮ ಮಾಡುವುದನ್ನು ಎಲ್ಲ ಕಡೆ ಕಾಣಬಹುದು. ಅಗಲ ಬಕೆಟ್ಟಿನ ತತ್ವ ಅವರಿಗೆ ಹೊಸದೇನಲ್ಲ. ಎರೆ ಯಾವ ಹದದಲ್ಲಿ ಬಕೆಟ್ಟಿಗೆ ಅಂಟುತ್ತದೆ, ಯಾವಾಗ ಕಲ್ಲಿನಂತೆ ಬಿಗಿಯುತ್ತದೆ ಎಂಬ ತಿಳಿವಳಿಕೆ ಸವಣೂರಿನ ಹೊಲಗಳಲ್ಲಿ ಯಂತ್ರ ಓಡಿಸಿದವರಲ್ಲಿ ಇದೆ. ಹಾನಗಲ್ಲಿನ ಗದ್ದೆ ಬಯಲಿನಲ್ಲಿ ಕಾಲುವೆ ತೆಗೆದವರಿಗೆ ನೀರಿನ ಇಳಿಜಾರು ಕಣ್ಣಳತೆಗೇ ಸಿಗುತ್ತದೆ. ಈ ಅನುಭವಕ್ಕೆ ರೈಲ್ವೆ ಗುತ್ತಿಗೆಗಳಲ್ಲಿ ಬೆಲೆ ಕಟ್ಟಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.

ಅನುಭವವಿದ್ದ ಮಾತ್ರಕ್ಕೆ ಹಳಿಯ ಬಳಿ ಯಂತ್ರ ಇಳಿಸುವಂತಿಲ್ಲ. ಓಡುವ ಹಳಿಯ ನಡುಗೆರೆಯಿಂದ 3.5 ಮೀಟರ್ ದೂರದಲ್ಲಿ ಸುಣ್ಣದ ಗೆರೆ ಎಳೆದು, ರೈಲ್ವೆ ಸಿಬ್ಬಂದಿಯ ಕಣ್ಗಾವಲಿನಲ್ಲಿ ಕೆಲಸ ಮಾಡಿಸುವುದು ನಿಯಮ. ಅದಕ್ಕಿಂತ ಒಳಗೆ ಬರಬೇಕಾದರೆ ರೈಲು ನಿಲ್ಲಿಸಿ ಬ್ಲಾಕ್ ಪಡೆಯಬೇಕು. ಮೇಲೆ 25,000 ವೋಲ್ಟಿನ ತಂತಿ ಸುಮಾರು ಐದೂವರೆ ಮೀಟರ್ ಎತ್ತರದಲ್ಲಿದೆ. ಇಪ್ಪತ್ತು ಟನ್ ಯಂತ್ರದ ತೋಳು ಅದನ್ನು ಮೀರಿ ಏರುತ್ತದೆ. ತಂತಿಗೆ ಎರಡು ಮೀಟರ್ ಹತ್ತಿರ ಹೋದರೂ ಜೀವಕ್ಕೆ ಅಪಾಯ. ಪಕ್ಕದ ಹಳಿಯದೂ ಅಷ್ಟೇ ಗಂಭೀರ ವಿಷಯ. ಎರಡು ಹಳಿಗಳ ನಡುಗೆರೆಗಳ ಅಂತರ 5.3 ಮೀಟರ್ ಇದ್ದರೂ, ಒಂದರ ನಡುವೆ ನಿಂತ ಯಂತ್ರ ತಿರುಗಿದಾಗ ಅದರ ಹಿಂಭಾಗ ಸುಮಾರು 2.8 ಮೀಟರ್ ಆಚೆ ಚಾಚುತ್ತದೆ. ಪಕ್ಕದಲ್ಲಿ ಹಾಯುವ ಬೋಗಿಯ ಅರ್ಧ ಅಗಲ ಸುಮಾರು 1.6 ಮೀಟರ್. ಉಳಿಯುವುದು ಒಂದು ಮೀಟರಿಗಿಂತಲೂ ಕಡಿಮೆ. ಹಿಂಭಾಗ ಹೊರಚಾಚದ ಗಿಡ್ಡ ಯಂತ್ರಗಳನ್ನೇ ಜೋಡಿ ಹಳಿಗೆ ಕಡ್ಡಾಯ ಮಾಡುವುದು ಲೇಸು. ಬೇಸಿಗೆಯ ಮಧ್ಯಾಹ್ನ ಖಡಿ ಕದಲಿಸಿದರೆ ಬೆಸುಗೆಯ ಉದ್ದ ಹಳಿ ಹಿಗ್ಗಿ ಹಾವಿನಂತೆ ಸೊಟ್ಟಗಾಗಬಹುದು. ಹಾಗಾಗಿ ಖಡಿಯ ಕೆಲಸಕ್ಕೆ ಹಳಿ ತಂಪಾಗಿರುವ ಹೊತ್ತನ್ನೇ ಹಿಡಿಯಬೇಕು.

ಮುಂದೆ ಈ ಪ್ರಶ್ನೆ ಇನ್ನಷ್ಟು ವಿಸ್ತಾರ ಪಡೆಯಲಿದೆ. ಗದಗದಿಂದ ಲಕ್ಷ್ಮೇಶ್ವರದ ಮೇಲೆ ಯಲವಿಗಿಗೆ 58 ಕಿ.ಮೀ. ಹೊಸ ಮಾರ್ಗದ ಯೋಜನೆ ಇದೆ. ಅದೂ ಬಹುಪಾಲು ಎರೆಯ ನಾಡೇ. ಶಿವಮೊಗ್ಗ–ಶಿಕಾರಿಪುರ–ರಾಣೆಬೆನ್ನೂರು ನಡುವಿನ 103 ಕಿ.ಮೀ. ಮಾರ್ಗ ಪೂರ್ಣವಾದರೆ, ಹಿಂದೆ ಹಿರೇಕೆರೂರು ತಾಲ್ಲೂಕಿಗೆ ಸೇರಿದ್ದ ರಟ್ಟೀಹಳ್ಳಿ ಸೀಮೆಗೂ ರೈಲು ಬರುತ್ತದೆ. ಹೊಸ ಏರಿಗಳಲ್ಲಿ ಎರೆಯ ಮೇಲೆ ಗರಸು ಮಣ್ಣಿನ ಹೊದಿಕೆ ಹಾಸುತ್ತಾರೆ, ಅದರಿಂದ ರಾಡಿಯ ಕಾಟ ತಗ್ಗುತ್ತದೆ. ಆದರೂ ಹೊದಿಕೆಯಿಂದ ಹೊರಬಂದ ನೀರಿಗೆ ಹೋಗಲು ಕಾಲುವೆ ಬೇಕೇ ಬೇಕು. ಯಂತ್ರ ಗೊತ್ತುಮಾಡುವಾಗ ಕಾಲುವೆಯ ಬಕೆಟ್, ಆಮೇಲೆ ರಾಡಿ ತುಂಬಿದ ಖಡಿಯನ್ನು ಸೋಸುವ ಜೋಡಣೆ, ಕೊನೆಗೆ ಟ್ಯಾಂಪಿಂಗ್ ತಲೆ ಎಂಬ ಕ್ರಮವನ್ನು ಗುತ್ತಿಗೆಯ ಕಾಗದದಲ್ಲಿಯೇ ಬರೆದಿಡಬೇಕು, ಕಾಲುವೆಯ ಕೆಲಸ ಮುಂಗಾರಿಗೆ ಮೊದಲೇ ಮುಗಿಯಬೇಕು.