ಹವಳವೊ? ಬ್ರಯೋಜೋವವೊ?

ಅಮೆರಿಕದ ಸಿನ್ಸಿನಾಟಿ ನಗರದ ಸುತ್ತಲಿನ ಗುಡ್ಡಗಳು ಸುಮಾರು 45 ಕೋಟಿ ವರ್ಷಗಳ ಹಿಂದೆ ಕಡಲ ತಳವಾಗಿದ್ದವು. ಆರ್ಡೊವಿಶಿಯನ್ ಅವಧಿಯ ಅಲ್ಲಿನ ಶಿಲಾಪದರಗಳಿಂದ, ಮುರಿದ ಕಡ್ಡಿಯಂತೆ ಕಾಣುವ ಕಲ್ಲಿನ ತುಂಡುಗಳು ರಾಶಿರಾಶಿಯಾಗಿ ಹೊರಬೀಳುತ್ತವೆ. ಭೂತಗನ್ನಡಿ ಹಿಡಿದು ನೋಡಿದರೆ ಅವುಗಳ ಮೈತುಂಬ ಸಣ್ಣ ರಂಧ್ರಗಳು, ಹಲವುದರಲ್ಲಿ ಪುಟ್ಟ ದಿಬ್ಬಗಳು. ದಿಬ್ಬಗಳಿಂದಾಗಿಯೇ ಒಂದು ಬಗೆಗೆ ಮಾಂಟಿಕ್ಯುಲಿಪೋರ ಎಂಬ ಹೆಸರು ಬಂತು. ಇವು ಯಾವ ಪ್ರಾಣಿಯ ಅವಶೇಷಗಳು?

ಉತ್ತರ ಸುಲಭವಾಗಿರಲಿಲ್ಲ. ಹವಳದ ಜೀವಿಗಳೂ ಬ್ರಯೋಜೋವಗಳೂ ಗುಂಪಾಗಿ ಬಾಳುತ್ತವೆ. ಎರಡೂ ಸುಣ್ಣದ ಗೂಡು ಕಟ್ಟುತ್ತವೆ. ಪ್ರಾಣಿ ಜೀವಂತವಾಗಿ ಸಿಕ್ಕರೆ ಗೊಂದಲವಿಲ್ಲ. ಹವಳದ ಪಾಲಿಪ್‌ಗೆ ಒಂದೇ ದ್ವಾರ. ಬ್ರಯೋಜೋವದ ಕರುಳು ಬಾಗಿದ ಕೊಳವೆ. ಬಾಯಿ ಬೇರೆ, ಗುದದ್ವಾರ ಬೇರೆ. ಐರ್ಲೆಂಡಿನಲ್ಲಿದ್ದ ಸೇನಾ ವೈದ್ಯ ಜಾನ್ ವಾನ್ ಥಾಂಪ್ಸನ್ 1830ರಲ್ಲಿ ಈ ಪ್ರಾಣಿಗಳನ್ನು 'ಪಾಲಿಜೋವ' ಎಂದು ಕರೆದರು; ಮರುವರ್ಷ ಜರ್ಮನಿಯ ಎರೆನ್‌ಬರ್ಗ್ 'ಬ್ರಯೋಜೋವ' ಎಂದರು. (ಹೆಸರಿನ ಜಗಳ ಬಹುಕಾಲ ನಡೆಯಿತು. ಅದು ನಮಗಿಲ್ಲಿ ಬೇಡ.) ಆದರೆ ಪಳೆಯುಳಿಕೆಯಲ್ಲಿ ಕರುಳೆಲ್ಲಿ? ಉಳಿದಿರುವುದು ಗೂಡಿನ ಗೋಡೆ ಮಾತ್ರ.

ಗೋಡೆಯನ್ನು ಓದುವ ಉಪಾಯವನ್ನು ಒದಗಿಸಿದ್ದು ತೆಳುಕೊಯ್ತ. ಇಂಗ್ಲೆಂಡಿನ ಹೆನ್ರಿ ಸಾರ್ಬಿ 1849ರಲ್ಲಿ ಕಲ್ಲಿನ ಚೂರನ್ನು ಬೆಳಕು ಹಾಯುವಷ್ಟು ತೆಳ್ಳಗೆ ಉಜ್ಜಿ ಸೂಕ್ಷ್ಮದರ್ಶಕದಡಿ ಇಟ್ಟಿದ್ದರು. ಬೆಂಡೆಕಾಯಿಯನ್ನು ಅಡ್ಡ ಕೊಯ್ದಾಗ ಕಾಣುವ ಚಿತ್ರವೇ ಬೇರೆ, ಉದ್ದಕ್ಕೆ ಸೀಳಿದಾಗ ಕಾಣುವುದೇ ಬೇರೆ ಅಲ್ಲವೆ? ಇಲ್ಲಿಯೂ ಹಾಗೆಯೇ. ಅಡ್ಡ, ಉದ್ದ, ಮೈಗೆ ಸಮಾಂತರ, ಹೀಗೆ ಮೂರು ಕೊಯ್ತಗಳನ್ನು ಜೋಡಿಸಿ ನೋಡಿದರೆ ಮಾತ್ರ ಒಳರಚನೆ ತಿಳಿಯುತ್ತದೆ.

ಉದ್ದ ಕೊಯ್ತದಲ್ಲಿ, ಕೊಂಬೆಯ ನಡುವೆ ತೆಳುಗೋಡೆಯ ಕೊಳವೆಗಳು ಒತ್ತೊತ್ತಾಗಿ ಮೇಲೇರುತ್ತವೆ. ಒಂದೊಂದರ ಅಗಲ ಸಾಮಾನ್ಯವಾಗಿ ಅರ್ಧ ಮಿಲಿಮೀಟರಿಗೂ ಕಡಿಮೆ. ಹೊರಮೈಯ ಹತ್ತಿರ ಅವು ಬಾಗುತ್ತವೆ, ಗೋಡೆ ದಪ್ಪವಾಗುತ್ತದೆ. ಕೊಳವೆಯೊಳಗೆ ಅಡ್ಡಗೋಡೆಗಳಿವೆ, ಕೊಳವೆ ಬೆಳೆದಂತೆ ಪ್ರಾಣಿ ತನ್ನ ನೆಲವನ್ನು ಮೇಲೆತ್ತಿಕೊಂಡ ಗುರುತುಗಳಿವು. ಮೈಗೆ ಸಮಾಂತರವಾದ ಕೊಯ್ತದಲ್ಲಿ ದೊಡ್ಡ ಕೊಳವೆಗಳ ನಡುವೆ ಸಣ್ಣ ಕೊಳವೆಗಳೂ ಗೋಡೆಯಲ್ಲಿ ಹುದುಗಿದ ಮುಳ್ಳಿನಂಥ ಕಡ್ಡಿಗಳೂ ಕಾಣುತ್ತವೆ.

ತೊಡಕು ಹುಟ್ಟಿದ್ದೂ ಇಲ್ಲಿಯೇ. ಅಡ್ಡಗೋಡೆಗಳು ಅಂದಿನ ಕೆಲವು ಹವಳಗಳಲ್ಲೂ ಇದ್ದವು! ಸ್ಕಾಟ್ಲೆಂಡಿನಲ್ಲಿ ಪ್ರಾಧ್ಯಾಪಕರಾಗಿದ್ದ ಹೆನ್ರಿ ಅಲೀನ್ ನಿಕಲ್ಸನ್ 1881ರಲ್ಲಿ ಮಾಂಟಿಕ್ಯುಲಿಪೋರದ ಮೇಲೆ ಇಡೀ ಪುಸ್ತಕವನ್ನೇ ಬರೆದು ಅದನ್ನು ಹವಳದ ಬಳಗಕ್ಕೆ ಸೇರಿಸಿದರು. ಸಿನ್ಸಿನಾಟಿಯಲ್ಲಿ ಹುಟ್ಟಿದ ಎಡ್ವರ್ಡ್ ಆಸ್ಕರ್ ಅಲ್ರಿಕ್ ಒಪ್ಪಲಿಲ್ಲ. 1882ರಲ್ಲಿ, ಇನ್ನೂ ಇಪ್ಪತ್ತೈದರ ಹರೆಯದ ಅವರು ಇವುಗಳಿಗೆ ಬ್ರಯೋಜೋವಗಳಲ್ಲಿ ಟ್ರೆಪೊಸ್ಟೊಮ್ಯಾಟ ಎಂಬ ಹೊಸ ವಿಭಾಗವನ್ನು ರಚಿಸಿದರು. ಕೊಯ್ತಗಳಲ್ಲಿ ಇಬ್ಬರೂ ಕಂಡದ್ದು ಹೆಚ್ಚುಕಡಿಮೆ ಒಂದೇ; ಭಿನ್ನವಾದದ್ದು ಅರ್ಥ. ನನ್ನ ದೃಷ್ಟಿಯಲ್ಲಿ ನಿಕಲ್ಸನ್ನರ ವಿವರಣೆ ತೀರ್ಮಾನಕ್ಕಿಂತ ಹೆಚ್ಚು ಬಾಳಿತು.

ವಾದ ಮೂವತ್ತು ವರ್ಷ ಎಳೆಯಿತು. ಇಂಡಿಯಾನ ವಿಶ್ವವಿದ್ಯಾಲಯದ ಎಡ್ಗರ್ ಕಮಿಂಗ್ಸ್ ಕೊಂಬೆಯನ್ನು ಬಿಟ್ಟು ಅದರ ಬುಡವನ್ನು ನೋಡಿದರು. ಬ್ರಯೋಜೋವದ ಡಿಂಬ ಚಿಪ್ಪಿಗೋ ಕಲ್ಲಿಗೋ ಅಂಟಿಕೊಂಡು ಮೊದಲು ಪುಟ್ಟ ತಟ್ಟೆಯಂಥ ಬುಡವಾಗುತ್ತದೆ. ಅದರಿಂದ ಮೊದಲ ಕೊಳವೆ ಏಳುತ್ತದೆ; ಆಮೇಲೆ ಗೊತ್ತಾದ ಕ್ರಮದಲ್ಲಿ ಮೊಗ್ಗುಗಳು ಒಡೆಯುತ್ತವೆ. ಕಲ್ಲಾದ ಸಮೂಹಗಳ ಬುಡದಲ್ಲಿ ಅದೇ ತಟ್ಟೆ, ಅದೇ ಕ್ರಮ ಕಂಡವು. 1912ರಲ್ಲಿ ಅವರು ಇದನ್ನು ಪ್ರಕಟಿಸಿದ ಮೇಲೆ ಹವಳದ ಪಕ್ಷ ಬಹುಮಟ್ಟಿಗೆ ಸೋತಿತು.

ಇಂಥ ವಾದಗಳು ಹಳೆಯ ಕಾಲಕ್ಕೇ ಮುಗಿದವೆಂದು ತಿಳಿಯಬೇಡಿ. ಆಸ್ಟ್ರೇಲಿಯ ಮತ್ತು ಚೀನದ ಕೇಂಬ್ರಿಯನ್ ಶಿಲೆಗಳಲ್ಲಿ ದೊರೆತ ಪ್ರೋಟೊಮೆಲಿಷನ್ ಎಂಬ ಅತಿ ಚಿಕ್ಕ ಪಳೆಯುಳಿಕೆಯನ್ನು 2021ರಲ್ಲಿ ಅತ್ಯಂತ ಹಳೆಯ ಬ್ರಯೋಜೋವ ಎಂದು ಸಾರಲಾಯಿತು. 2023ರಲ್ಲಿ ಇನ್ನೊಂದು ತಂಡ, ಮೃದುಭಾಗಗಳೂ ಉಳಿದಿದ್ದ ಅಂಥದೇ ಮಾದರಿಗಳನ್ನು ಚೀನದಿಂದ ತಂದು, ಇದು ಪ್ರಾಣಿಯೇ ಅಲ್ಲ, ಹಸಿರು ಪಾಚಿ ಎಂದು ವಾದಿಸಿತು. ಅದನ್ನು ಬದಿಗಿಟ್ಟರೆ, ಸಂಶಯಕ್ಕೆಡೆಯಿಲ್ಲದ ಬ್ರಯೋಜೋವಗಳಲ್ಲಿ ಅತಿ ಹಳೆಯವು ಆರ್ಡೊವಿಶಿಯನ್ ಅವಧಿಯ ಆರಂಭದವು. ಸುಮಾರು 48 ಕೋಟಿ ವರ್ಷ ಹಿಂದಿನವು.