ಎರೆಭೂಮಿಯಲ್ಲಿ ಚಾವಣಿ ರೇಡಿಯೊಗಳ ಸಿಡಿಲು ರಕ್ಷಣೆ: ಸಾಲಹಳ್ಳಿ ಸೀಮೆಯ ನೆಲೆಯಿಂದ ಒಂದು ವಿಚಾರ

ರಾಮದುರ್ಗ ತಾಲ್ಲೂಕಿನ ಸಾಲಹಳ್ಳಿ ಸೀಮೆಯಲ್ಲಿ ಏಪ್ರಿಲ್ ಮುಗಿಯುವ ಹೊತ್ತಿಗೆ ಎರೆಹೊಲಗಳು ಬಾಯಿ ಬಿಟ್ಟಿರುತ್ತವೆ. ಅದೇ ದಿನಗಳ ಸಂಜೆಗಳಲ್ಲಿ ಅಡ್ಡಮಳೆ ಗುಡುಗು ಸಿಡಿಲುಗಳೊಂದಿಗೆ ಬಂದೆರಗುತ್ತದೆ. ನೆಲ ಪೂರ್ತಿ ಒಣಗಿರುವಾಗಲೇ ಸಿಡಿಲಿನ ಕಾಲವೂ ಶುರುವಾಗುತ್ತದೆ. ಇಲ್ಲಿನ ಮಾಳಿಗೆಗಳ ಮೇಲೆ ಕೂರಿಸುವ ರೇಡಿಯೊ ಉಪಕರಣಗಳ ಅರ್ಥಿಂಗ್ ಈ ಎರಡೂ ಒಟ್ಟಿಗೆ ಬರುವ ದಿನಗಳಿಗೆ ತಕ್ಕಂತಿರಬೇಕು ಎಂಬುದು ಈ ಲೇಖನದ ವಾದ.

ಈ ಭಾಗಕ್ಕೆ ರೇಡಿಯೊ ಹೊಸದಲ್ಲ. ಧಾರವಾಡ ಆಕಾಶವಾಣಿ 1950ರಲ್ಲಿ ಆರಂಭವಾಯಿತು. ಧಾರವಾಡ ಕೃಷಿ ವಿಶ್ವವಿದ್ಯಾಲಯದ ಸಮುದಾಯ ಬಾನುಲಿ 2007ರಿಂದ ರೈತರಿಗೆ ಮಾತನಾಡುತ್ತಿದೆ. ಮಧ್ಯಮ ತರಂಗದ ಕೇಂದ್ರಗಳಲ್ಲಿ ಗೋಪುರದ ಬುಡದಿಂದ ಸುತ್ತಲೂ ತಾಮ್ರದ ತಂತಿಗಳನ್ನು ಹೂಳಿರುತ್ತಾರೆ. ಅಲ್ಲಿ ನೆಲವೂ ಆಂಟೆನಾದ ಒಂದು ಭಾಗ. ಸಮುದಾಯ ಬಾನುಲಿಗೆ ಸರ್ಕಾರದ ನೀತಿ ಸಾಮಾನ್ಯವಾಗಿ ಗರಿಷ್ಠ 100 ವ್ಯಾಟ್ ವಿಕಿರಣ ಶಕ್ತಿ (ಇಆರ್‌ಪಿ) ಮತ್ತು 15ರಿಂದ 30 ಮೀಟರ್ ಆಂಟೆನಾ ಎತ್ತರವನ್ನು ಗೊತ್ತುಮಾಡಿದೆ. ಆದರೆ ಇಂಟರ್ನೆಟ್ಟಿಗೆಂದು ಮನೆ, ಶಾಲೆ, ಅಂಗಡಿಗಳ ಮೇಲೆ ನಿಲ್ಲಿಸುವ ಪುಟ್ಟ ಡಿಶ್ ರೇಡಿಯೊಗಳಿಗೆ ಒಂದು ಜಿಐ ಪೈಪು, ಒಂದು ನೆಟ್‌ವರ್ಕ್ ಕೇಬಲ್ ಇದ್ದರೆ ಕೆಲಸ ಮುಗಿಯಿತು ಎಂದೇ ಸಾಮಾನ್ಯವಾಗಿ ಭಾವಿಸಲಾಗುತ್ತದೆ. ಅಪಾಯ ಹೆಚ್ಚಿರುವುದು ಇಲ್ಲಿಯೇ.

ಸಿಡಿಲಿನ ಮೊದಲ ಹೊಡೆತದ ವಿದ್ಯುತ್ ಪ್ರವಾಹ ಸುಮಾರಾಗಿ 30 ಸಾವಿರ ಆಂಪಿಯರ್. ಸಿಡಿಲು ರಕ್ಷಣೆಯ ಅಂತರರಾಷ್ಟ್ರೀಯ ಮಾನಕವಾದ ಐಇಸಿ 62305 ಅತ್ಯುನ್ನತ ರಕ್ಷಣೆಗೆ 2 ಲಕ್ಷ ಆಂಪಿಯರನ್ನು ಲೆಕ್ಕಕ್ಕೆ ಹಿಡಿಯುತ್ತದೆ. ಪ್ರವಾಹದ ಪ್ರಮಾಣದಷ್ಟೇ ಅದು ಏರುವ ವೇಗವೂ ಮುಖ್ಯ. ನೇರ ತಂತಿಯ ಪ್ರತಿ ಮೀಟರಿಗೂ ಸುಮಾರು ಒಂದು ಮೈಕ್ರೊಹೆನ್ರಿ ಪ್ರೇರಕತೆ ಇರುತ್ತದೆ. 30 ಸಾವಿರ ಆಂಪಿಯರ್ ಮೂರು ಮೈಕ್ರೊಸೆಕೆಂಡಿನಲ್ಲಿ ಏರಿದರೆ 10 ಮೀಟರ್ ಉದ್ದದ ತಂತಿಯ ಎರಡು ತುದಿಗಳ ನಡುವೆ ಒಂದು ಲಕ್ಷ ವೋಲ್ಟ್ ನಿಲ್ಲುತ್ತದೆ. ತಂತಿ ಎಷ್ಟೇ ದಪ್ಪವಿದ್ದರೂ ಇದು ಹೆಚ್ಚು ತಗ್ಗುವುದಿಲ್ಲ. ಆದ್ದರಿಂದಲೇ ಸಿಡಿಲನ್ನು ನೆಲಕ್ಕೆ ಒಯ್ಯುವ ಇಳಿತಂತಿ ಗಿಡ್ಡವಾಗಿ, ನೇರವಾಗಿ, ಚೂಪಾದ ತಿರುವಿಲ್ಲದೆ ಇಳಿಯಬೇಕು. ದುಂಡು ತಂತಿಗಿಂತ ಪಟ್ಟಿ ವಾಸಿ. ಅಡ್ಡಕೊಯ್ತ ಕನಿಷ್ಠ 50 ಚದರ ಮಿಲಿಮೀಟರ್ ಇರಲಿ.

ಹೆಚ್ಚಿನವರು ಎಡವುವುದು ಇದಕ್ಕಿಂತ ಸರಳವಾದ ಕಡೆ. ಡಿಶ್ಶಿಗೆಂದು ಹಿತ್ತಲಲ್ಲಿ ಹೊಸ ಅರ್ಥ್ ಗುಂಡಿ ತೋಡುತ್ತಾರೆ. ಮನೆಯ ಹೆಸ್ಕಾಂ ಮೀಟರಿನ ಅರ್ಥಿಂಗ್ ಮುಂಬಾಗಿಲ ಬಳಿ ಬೇರೆಯೇ ಇರುತ್ತದೆ. ‘ಬೇರೆ ಮಾಡಿದರೆ ಸುರಕ್ಷಿತ’ ಎಂಬ ನಂಬಿಕೆ ಗಟ್ಟಿಯಾಗಿದೆ. ನಡೆಯುವುದು ತದ್ವಿರುದ್ಧ. ಡಿಶ್ಶಿನ ಗುಂಡಿ 10 ಓಮ್ ಇದ್ದು 30 ಸಾವಿರ ಆಂಪಿಯರ್ ಇಳಿದರೆ ಆ ಗುಂಡಿಯ ಮಟ್ಟ ದೂರದ ನೆಲಕ್ಕಿಂತ 3 ಲಕ್ಷ ವೋಲ್ಟ್ ಮೇಲೇರುತ್ತದೆ, ಮೀಟರಿನ ಗುಂಡಿ ಬಹುಪಾಲು ಕೆಳಗೇ ಉಳಿಯುತ್ತದೆ. ಈ ಎರಡರ ನಡುವೆ ಇರುವುದು ರೂಟರ್, ಅದರ ಪವರ್ ಅಡಾಪ್ಟರ್, ಪಕ್ಕದಲ್ಲಿ ಕುಳಿತ ಮನುಷ್ಯ. ಎರಡು ಗುಂಡಿಗಳನ್ನು ನೆಲದೊಳಗೆ ಪಟ್ಟಿಯಿಂದ ಜೋಡಿಸಿ, ಕಂಬ, ಕೇಬಲ್ಲಿನ ಕವಚ, ಸರ್ಜ್ ಅರೆಸ್ಟರ್ ಮತ್ತು ಮೀಟರಿನ ಅರ್ಥ್ ಎಲ್ಲವನ್ನೂ ಕೇಬಲ್ ಮನೆಯೊಳಗೆ ಹೊಗುವ ಜಾಗದ ಒಂದೇ ಪಟ್ಟಿಗೆ ಕಟ್ಟಿದರೆ ಮಟ್ಟಗಳೆಲ್ಲ ಒಟ್ಟಿಗೇ ಏರಿ ಒಟ್ಟಿಗೇ ಇಳಿಯುತ್ತವೆ. ಓಮ್ ಎಷ್ಟು ಎಂಬ ಪ್ರಶ್ನೆಗಿಂತ ಈ ಜೋಡಣೆಯೇ ಮೊದಲು ಬರಬೇಕು.

ಇನ್ನು ನೆಲ. ಮೂರು ಮೀಟರ್ ಉದ್ದ, 16 ಮಿಲಿಮೀಟರ್ ದಪ್ಪದ ಒಂದು ಸರಳನ್ನು ಹೊಡೆದರೆ ಅದರ ರೋಧ ಮಣ್ಣಿನ ರೋಧಶೀಲತೆಯ ಸುಮಾರು ಮೂರರಲ್ಲೊಂದು ಪಾಲು. ಹಸಿ ಎರೆಮಣ್ಣು 10 ಓಮ್-ಮೀಟರ್ ಎಂದಿಟ್ಟುಕೊಂಡರೆ ಮೂರು ಓಮಿನ ಆಸುಪಾಸು ಸಿಗುತ್ತದೆ; ಸೊಗಸಾದ ಅಂಕಿ. ಆದರೆ ತೇವ ಶೇಕಡ 15ಕ್ಕಿಂತ ಕೆಳಗಿಳಿದರೆ ರೋಧ ಕಡಿದಾಗಿ ಏರುತ್ತದೆ. ಎರೆಯ ಇನ್ನೊಂದು ಗುಣ ಇನ್ನೂ ಕೆಟ್ಟದ್ದು: ಅದು ಒಣಗಿದಾಗ ಕುಗ್ಗುತ್ತದೆ. ಬೇಸಿಗೆಯಲ್ಲಿ ಅರ್ಥ್ ಪೈಪಿನ ಬುಡವನ್ನು ಬಗ್ಗಿ ನೋಡಿದರೆ ಮಣ್ಣು ಪೈಪನ್ನು ಬಿಟ್ಟು ಸರಿದು, ಸುತ್ತಲೂ ಬೆರಳು ಇಳಿಯುವಷ್ಟು ಸಂದು ಬಿಟ್ಟಿರಬಹುದು. ಇಂಥ ಸರಳಿನ ಒಟ್ಟು ರೋಧದಲ್ಲಿ ಸುಮಾರು ಅರ್ಧ ಪಾಲು ಅದರ ಸುತ್ತಲಿನ 15 ಸೆಂಟಿಮೀಟರ್ ಮಣ್ಣಿನಲ್ಲೇ ಇರುತ್ತದೆ. ಸಂದು ಬಿಡುವುದು ಸರಿಯಾಗಿ ಅಲ್ಲಿಯೇ.

ಇದ್ದಿಲು-ಉಪ್ಪು ತುಂಬುವುದು ಹಳೆಯ ರೂಢಿ. ಉಪ್ಪು ಮಳೆಗೆ ತೊಳೆದುಹೋಗುತ್ತದೆ, ಇರುವಷ್ಟು ದಿನ ಜಿಐ ಪೈಪನ್ನು ತಿನ್ನುತ್ತದೆ. ಸರಳಿನ ಸುತ್ತ ತೇವ ಹಿಡಿಯುವ ಬೆಂಟೊನೈಟ್ ತುಂಬುವವರಿದ್ದಾರೆ, ಆದರೆ ಒಣಗಿದರೆ ಅದೂ ಎರೆಯಂತೆಯೇ ಕುಗ್ಗುವ ಜೇಡಿ. ಬಚ್ಚಲ ನೀರು ಹರಿಯುವ ಕಡೆ ಗುಂಡಿ ತೋಡುವುದು ಮೇಲು. ಬೋರ್‌ವೆಲ್ಲಿನ ಕಬ್ಬಿಣದ ಕೇಸಿಂಗ್ ಒಳ್ಳೆಯ ಅರ್ಥ್ ಆಗಬಲ್ಲದು; ಪಿವಿಸಿ ಕೇಸಿಂಗಿನಿಂದ ಆ ಉಪಯೋಗವಿಲ್ಲ. ರಾಮದುರ್ಗ, ಸವದತ್ತಿಯ ಮರಳುಗಲ್ಲಿನ ಗುಡ್ಡಗಳಲ್ಲಿ ಸರಳು ಇಳಿಯುವುದೇ ಇಲ್ಲ. ಅಲ್ಲಿ ಗೋಡೆಯಿಂದ ಒಂದು ಮೀಟರ್ ದೂರದಲ್ಲಿ, ಅರ್ಧ ಮೀಟರ್ ಆಳದಲ್ಲಿ ಮನೆಯನ್ನು ಸುತ್ತುವರಿಯುವ ಪಟ್ಟಿ ಹೂಳಬೇಕು.

ಮಾಳಿಗೆಯ ಮೇಲೆ ಮಿಂಚುವಾಹಕದ ಸರಳು ಡಿಶ್ಶಿಗಿಂತ ಎತ್ತರಕ್ಕಿರಲಿ. ಮೂರನೆಯ ದರ್ಜೆಯ ರಕ್ಷಣೆಯಲ್ಲಿ 10 ಮೀಟರಿನ ಒಂದೇ ಇಳಿತಂತಿ ಇದ್ದರೆ ಮಾನಕದ ಸೂತ್ರದಂತೆ ಸರಳಿಗೂ ಡಿಶ್ಶಿಗೂ ನಡುವೆ ಗಾಳಿಯಲ್ಲಿ ಕನಿಷ್ಠ 40 ಸೆಂಟಿಮೀಟರ್ ಅಂತರ ಬೇಕು. ಗುಡಿಯ ಕಳಸವನ್ನು ನಂಬಿ ಪಕ್ಕದ ಮನೆಯವರು ನಿಶ್ಚಿಂತರಾಗಿರುವುದುಂಟು. ನೆಲಕ್ಕೆ ಇಳಿತಂತಿಯಿಲ್ಲದ ಕಳಸ ಮಿಂಚುವಾಹಕದ ಕೆಲಸ ಮಾಡುವುದಿಲ್ಲ. ದೇಶದಲ್ಲಿ 2022ರ ಒಂದೇ ವರ್ಷ ಸಿಡಿಲಿಗೆ 2,800ಕ್ಕೂ ಹೆಚ್ಚು ಜನ ಸತ್ತರು. ಪುಣೆಯ ಹವಾಮಾನ ಸಂಸ್ಥೆಯ ‘ದಾಮಿನಿ’ ಆ್ಯಪ್ ಎಚ್ಚರಿಸಿದಾಗ ಡಿಶ್ ಸರಿಮಾಡಲು ಮಾಳಿಗೆ ಹತ್ತಬಾರದು.

ಅರ್ಥ್ ಗುಂಡಿಯ ರೋಧವನ್ನು ಶ್ರಾವಣದಲ್ಲಿ ಅಳೆದು ‘ಚೆನ್ನಾಗಿದೆ’ ಎಂದು ಬರೆದಿಡುವುದು ಈ ಸೀಮೆಯಲ್ಲಿ ಅಪಾಯಕಾರಿ ದಾಖಲೆ. ಪಂಚಾಯಿತಿ, ಶಾಲೆ, ಬಾನುಲಿ ಕೇಂದ್ರಗಳು ಪ್ರತಿ ವರ್ಷ ಏಪ್ರಿಲ್ ಕೊನೆಯಲ್ಲಿ, ಮೊದಲ ಅಡ್ಡಮಳೆಗೆ ಮುನ್ನ ಅರ್ಥ್ ಟೆಸ್ಟರಿನಿಂದ ಅಳೆಯಿಸಿ, ಅಂಕಿಯನ್ನೂ ದಿನಾಂಕವನ್ನೂ ಗುಂಡಿಯ ಪಕ್ಕದ ಫಲಕದಲ್ಲಿ ಬರೆಸಬೇಕು. ಆ ಒಣ ದಿನದ ಅಂಕಿ 10 ಓಮಿನೊಳಗೆ ಇದ್ದು, ಎಲ್ಲ ಗುಂಡಿಗಳೂ ಒಂದಕ್ಕೊಂದು ಜೋಡಣೆಯಾಗಿದ್ದರೆ ಮಾತ್ರ ಆ ಚಾವಣಿಯ ರೇಡಿಯೊ ಮಳೆಗಾಲಕ್ಕೆ ಸಿದ್ಧವಾಗಿದೆ ಎನ್ನಬಹುದು.